ಮೂರು ವರ್ಷದ ಅಳತೆ

ಚಿಂತಾಮಣಿ
೨೪-೧೦-೧೯೯೨

ನನ್ನ ಮುದ್ದು ತಂಗಿ ಶ್ಯಾಮಲಾಗೆ,

ನಿನ್ನ ಅಕ್ಕ ಅಮ್ಮಾಜಿ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ಅತ್ತೆಯೂ ಕ್ಷೇಮ ಅಂತ ಬರೆಯುವುದು ವಾಡಿಕೆ. ಆದರೆ ಕ್ಷೇಮವಾಗಿಲ್ಲ ಕಣೇ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ಗಂಗು ಎದುರಿಗೆ ಗಟ್ಟಿಯಾಗಿ ಓದಬೇಡ. ಚಿಕ್ಕ ಮಗು, ಅವಳಿಗೇನು ತಿಳಿಯುತ್ತದೆ ಅಂದುಕೊಳ್ಳಬೇಡ, ಅವಳಿಗೆ ಎಲ್ಲ ತಿಳಿಯುತ್ತದೆ.

ಹೋದ ವಾರ ಮಗುವನ್ನು ಗೌರಿಬಿದನೂರಿಗೆ ತಂದು ನಿನ್ನ ಮಡಿಲಿಗೆ ಹಾಕಿ, ಒಂದು ಲೋಟ ನೀರೂ ಕುಡಿಯದೆ ಬಂದ ಬಸ್ಸಿಗೇ ಹಿಂದಿರುಗಿದೆನಲ್ಲ, ಹಬ್ಬದ ಹೊಲಿಗೆ ರಾಶಿ ಬಿದ್ದಿದೆ ಅಂದೆನಲ್ಲ, ಅದು ಸುಳ್ಳು. ಹೊಲಿಗೆ ಇದೆ, ಆದರೆ ಕಾರಣ ಅದಲ್ಲ. ಮಗು ಈ ಮನೆಯಲ್ಲಿ ಇರಬಾರದು ಅನ್ನಿಸಿತು. ಯಾಕೆ ಅಂತ ಹೇಳಬೇಕಾದರೆ ನಾಲ್ಕು ವರ್ಷದಿಂದ ನಿನಗೆ ಹೇಳದೆ ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಬೇಕು. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈಯಿ.

ನಿನ್ನ ಭಾವ ಎಂಬತ್ತೆಂಟರ ಮಾರ್ಚಿನಲ್ಲಿ ಕುವೈತಿಗೆ ಹೋದದ್ದು ನಿನಗೆ ಗೊತ್ತು. ನನ್ನನ್ನು ಒಂದು ಮಾತು ಕೇಳದೆ ನನ್ನ ಸರ ಮಾರಿ ಏಜೆಂಟನಿಗೆ ಕೊಟ್ಟಿದ್ದರು. ಆ ಸಿಟ್ಟಿಗೆ ನಾನು ಕಾಗದ ಬರೆಯಲಿಲ್ಲ. ಮೇ ತಿಂಗಳಲ್ಲಿ ನಾನು ಬಸುರಿ ಅಂತ ಗೊತ್ತಾಯಿತು, ಆಗಲೂ ಬರೆಯಲಿಲ್ಲ. ನೀವೆಲ್ಲ, ಹೆಂಡತಿ ಬಸುರಿ ಅಂತ ತಿಳಿದೂ ಒಂದು ಕವಡೆ ಕಳಿಸಲಿಲ್ಲವಲ್ಲ ಅಂತ ಅವರನ್ನು ಬೈದಿರಿ. ನಾನು ಪಕ್ಕದಲ್ಲೇ ಕೂತು ಬೈಸಿದೆ. ಅವರಿಗೆ ತಿಳಿದೇ ಇರಲಿಲ್ಲ ಶ್ಯಾಮಿ. ಕಳಿಸಿಯೂ ಇದ್ದರು.

ಆಗಸ್ಟಿನಲ್ಲಿ ಪೋಸ್ಟ್‌ಮನ್ ಕೋನಪ್ಪ ಒಂದು ಚೀಟಿ ತಂದುಕೊಟ್ಟ. ಹೊರದೇಶದಿಂದ ಬಂದ ಸಾಮಾನನ್ನು ಕಸ್ಟಮ್ಸಿನವರು ಬಿಚ್ಚಿ ನೋಡಿ, ಬೆಲೆ ಕಟ್ಟಿ, ಸುಂಕ ಹಾಕಿ, ಮತ್ತೆ ಹೊಲಿದು ಕಳಿಸುತ್ತಾರೆ. ಸುಂಕ ಕಟ್ಟಿದರೆ ಪಾರ್ಸೆಲ್ಲು ನಮ್ಮದು. ಕಟ್ಟದಿದ್ದರೆ ಹದಿನೈದು ದಿನ ಅಂಚೆ ಕಚೇರಿಯಲ್ಲಿ ಇಟ್ಟುಕೊಂಡು, ಕಳಿಸಿದವರಿಗೇ ವಾಪಸ್ಸು ಮಾಡುತ್ತಾರೆ. ಚೀಟಿಯಲ್ಲಿ ಸೀರೆ ಒಂದು ಅಂತಿತ್ತು. ಸೀರೆಗಿಂತ ಸುಂಕವೇ ಹೆಚ್ಚು. ನನ್ನ ಕತ್ತಿನ ಸರ ಕಿತ್ತುಕೊಂಡವರು ಈಗ ನನ್ನ ದುಡ್ಡಿನಲ್ಲೇ ಸೀರೆ ಉಡಿಸುತ್ತಾರೋ ಅಂತ ಉರಿದುಹೋಯಿತು. ಯಾರದ್ದೋ ಅವರಿಗೇ ಹೋಗಲಿ ಅಂದುಬಿಟ್ಟೆ. ಕೋನಪ್ಪ ಎರಡು ಸಲ ಕೇಳಿದ, ಎರಡು ಸಲವೂ ಅದನ್ನೇ ಅಂದೆ.

ಅಕ್ಟೋಬರಿನಲ್ಲಿ ತಂತಿ ಬಂತು. ಕಟ್ಟಡದ ಮೇಲಿಂದ ಬಿದ್ದರಂತೆ. ದೇಹ ತರಿಸುವ ಶಕ್ತಿ ನಮಗಿರಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಅವರ ಜೊತೆ ಒಂದೇ ಕೋಣೆಯಲ್ಲಿದ್ದ ಮಂಡಿಕಲ್ಲಿನ ಚಲಪತಿ ಊರಿಗೆ ಬಂದಾಗ ಹೋಗಿ ಕಂಡೆ. ನಾನು ಬೇಡ ಅಂದ ಪಾರ್ಸೆಲ್ಲು ಅವರು ಸತ್ತ ದಿನವೇ ಅಲ್ಲಿಗೆ ಹಿಂದಿರುಗಿತಂತೆ. ಬಿಚ್ಚಲು ಯಾರಿಗೂ ಮನಸ್ಸು ಬರದೆ, ಹಾಗೇ ಅವರ ಪಕ್ಕದಲ್ಲಿಟ್ಟು ಮಣ್ಣು ಎಳೆದರಂತೆ. ಆ ದಿನ ಮಂಡಿಕಲ್ಲಿನಿಂದ ಹೇಗೆ ಮನೆಗೆ ಬಂದೆನೋ ನನಗೆ ನೆನಪಿಲ್ಲ.

ಡಿಸೆಂಬರಿನಲ್ಲಿ ಗಂಗು ಹುಟ್ಟಿದಳು. ಮಾರನೆಯ ವರ್ಷ ಮಹಾಲಯ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಮೊದಲ ಸಲ ಎಡೆ ಇಟ್ಟೆವು. ಬಾಳೆಲೆಯ ಪಕ್ಕ ಹೊಸ ಪಂಚೆ, ಅದರ ತುದಿಗೆ ಅರಿಶಿನ. ಆಗ ನಾನೊಂದು ಕೆಲಸ ಮಾಡಿದೆ. ಗಂಗು ತೊಟ್ಟು ಬಿಟ್ಟ ಒಂದು ಪುಟ್ಟ ಫ್ರಾಕನ್ನು ಆ ಪಂಚೆಯ ಮಡಿಕೆಯೊಳಗೆ ಸೇರಿಸಿಟ್ಟೆ. ನಿಮಗೊಬ್ಬಳು ಮಗಳಿದ್ದಾಳೆ, ಇಷ್ಟುದ್ದ ಇದ್ದಾಳೆ ಅಂತ ತೋರಿಸಬೇಕು ಅನ್ನಿಸಿತು. ಪೂಜೆ ಮುಗಿದ ಮೇಲೆ ಎರಡನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಕಾರ್ತಿಕದಲ್ಲಿ ಕೋನಪ್ಪ ಮತ್ತೆ ಚೀಟಿ ತಂದ. ಕಳಿಸಿದವರ ಜಾಗದಲ್ಲಿ ಅವರ ಹೆಸರು, ಅವರದೇ ಕೈಬರಹ. ಮಗುವಿನ ಫ್ರಾಕು ಒಂದು, ಒಂದು ವರ್ಷದ ಅಳತೆ. ಅದರ ಕೆಳಗೆ ಕಸ್ಟಮ್ಸಿನವರು ಕೆಂಪು ಶಾಯಿಯಲ್ಲಿ ಸೇರಿಸಿದ್ದರು: ಹಳೆಯ ಪಂಚೆ ಒಂದು, ಬೆಲೆ ಇಲ್ಲ, ಸುಂಕ ಇಲ್ಲ. ಸಾಯುವ ಮೊದಲು ಹಡಗಿಗೆ ಹಾಕಿದ್ದು ಈಗ ಬಂದಿರಬೇಕು ಅಂತ ಕೋನಪ್ಪ ಸಮಾಧಾನ ಹೇಳಿದ. ಒಮ್ಮೆ ಬೇಡ ಅಂದ ಪಾಪ ಸಾಕು ಅಂತ ಸುಂಕ ಕಟ್ಟಿದೆ. ಫ್ರಾಕು ಗಂಗುಗೆ ಅಳೆದು ಹೊಲಿದ ಹಾಗಿತ್ತು. ಅದನ್ನು ಸುತ್ತಿದ್ದ ಪಂಚೆಯ ತುದಿಯಲ್ಲಿ ಅರಿಶಿನವಿತ್ತು. ಟ್ರಂಕಿನ ಬೀಗ ತೆಗೆದು ನೋಡಿದರೆ ಒಳಗೆ ಪಂಚೆಯೂ ಇಲ್ಲ, ನಾನಿಟ್ಟ ಫ್ರಾಕೂ ಇಲ್ಲ.

ನಿಜ ಹೇಳಲಾ? ನನಗೆ ಹೆದರಿಕೆ ಆಗಲಿಲ್ಲ. ಹಿಗ್ಗಾಯಿತು. ಸಾರು ತಂದುಕೊಟ್ಟವರ ಪಾತ್ರೆಯನ್ನು ನಾವು ಬರಿದಾಗಿ ಕಳಿಸುತ್ತೇವೆಯೇ? ಹಾಗೆ ಅವರೂ ಕಳಿಸಿದರು ಅಂದುಕೊಂಡೆ. ಮುಂದಿನ ಎರಡು ಮಹಾಲಯಕ್ಕೂ ಆ ವರ್ಷದ ಫ್ರಾಕನ್ನು ಪಂಚೆಯಲ್ಲಿ ಮಡಿಸಿಟ್ಟೆ. ತೊಂಬತ್ತರಲ್ಲಿ ಎರಡು ವರ್ಷದ ಅಳತೆಯದ್ದು ಬಂತು. ಆಗ ಕುವೈತಿನಲ್ಲಿ ಯುದ್ಧ, ಅಲ್ಲಿಂದ ಒಂದು ಕಾರ್ಡೂ ಬರುತ್ತಿಲ್ಲ, ಇದು ಹೇಗೆ ಬಂತಮ್ಮ ಅಂತ ಕೋನಪ್ಪ ತಲೆ ಕೆರೆದುಕೊಂಡ. ಹೋದ ವರ್ಷ ಮೂರು ವರ್ಷದ್ದು ಬಂತು. ನೀನು ಕೇಳಿದಾಗೆಲ್ಲ ನಾನೇ ಹೊಲಿದೆ ಅಂದೆ.

ಈ ವರ್ಷ ಎಡೆ ಇಡುವಾಗ ಅತ್ತೆ ಪಂಚೆಯ ಮಡಿಕೆಯನ್ನು ನೋಡಿಬಿಟ್ಟರು. ಫ್ರಾಕನ್ನು ಎಳೆದು ಆಚೆ ಹಾಕಿದರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

“ಬದುಕಿರೋ ಕೂಸಿನ ಬಟ್ಟೆ ಸತ್ತೋರ ಎಡೆಗಿಡ್ತಾರೇನೇ? ಎಡೇಲಿಟ್ಟಿದ್ದು ಅವರದಾಗೋಯ್ತದೆ ಕಣಮ್ಮ,” ಅಂದರು.

ಆಮೇಲೆ ಮುಸುಕು ಹೊದ್ದು ಮಲಗಿಬಿಟ್ಟರು. ಬರೀ ಪಂಚೆ ಇಟ್ಟು ಪೂಜೆ ಮುಗಿಸಿದೆ. ಆ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ಕೂತಿತು.

ಹತ್ತು ದಿನದ ಹಿಂದೆ ಚೀಟಿ ಬಂತು. ಮಗುವಿನ ಫ್ರಾಕು ಒಂದು, ಮೂರು ವರ್ಷದ ಅಳತೆ. ಕೆಳಗೆ ಅದೇ ಕೆಂಪು ಶಾಯಿ, ಹಳೆಯ ಪಂಚೆ ಒಂದು. ನಾನು ಮೂರು ಸಲ ಓದಿದೆ. ಬರುವ ಡಿಸೆಂಬರಿಗೆ ಗಂಗುಗೆ ನಾಲ್ಕು ತುಂಬುತ್ತದೆ. ಪ್ರತಿ ವರ್ಷ ಒಂದೊಂದು ಅಳತೆ ಏರಿಸಿ ಕಳಿಸಿದವರು ಈ ಸಲ ಯಾಕೆ ಏರಿಸಲಿಲ್ಲ? ಯಾರ ಬಟ್ಟೆ ವರ್ಷ ಕಳೆದರೂ ಒಂದೇ ಅಳತೆಯಲ್ಲಿ ಇರುತ್ತದೆ? ನಾನು ಹೊಲಿಗೆಯವಳು ಶ್ಯಾಮಿ, ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೆಳೆಯದವರ ಬಟ್ಟೆ ಮಾತ್ರ ಹಾಗಿರುತ್ತದೆ. ಮೂರು ಸಲ ನಾನೇ ನನ್ನ ಕೈಯಾರೆ ಮಗಳ ಬಟ್ಟೆಯನ್ನು ಅವರಿಗೆ ಒಪ್ಪಿಸಿದ್ದೆ. ಈಗ ಮಗಳನ್ನೇ ಕೇಳುತ್ತಿದ್ದಾರೆ ಅನ್ನಿಸಿತು. ಮಾರನೆಯ ದಿನವೇ ಅವಳನ್ನು ನಿನ್ನ ಹತ್ತಿರ ಬಿಟ್ಟು ಬಂದೆ. ಎಲ್ಲಿಗೆ ಅಂತ ಕೋನಪ್ಪನಿಗೂ ಹೇಳಲಿಲ್ಲ, ಅಕ್ಕಪಕ್ಕದವರಿಗೂ ಹೇಳಲಿಲ್ಲ.

ನಿನ್ನೆ ಅಂಚೆ ಕಚೇರಿಗೆ ಹೋದೆ. ಪಾರ್ಸೆಲ್ಲು ಕಪಾಟಿನಲ್ಲಿತ್ತು, ಕಣ್ಣಾರೆ ಕಂಡೆ. ಬೇಡ ಅಂದೆ. ಹಿಂದೊಮ್ಮೆ ಬೇಡ ಅಂದದ್ದರ ಫಲ ಉಂಡವಳು ನಾನು. ಆದರೂ ಅಂದೆ. ಕಳಿಸಿದವರಿಗೆ ವಾಪಸ್ಸು ಅಂತ ಬರೆದು ಸಹಿ ಹಾಕಿಸಿಕೊಂಡರು. ಇನ್ನು ಗಂಡನಿಗೆ ಎರಡು ಸಲ ದ್ರೋಹ ಮಾಡಿದವಳು ಅನ್ನು, ಏನು ಬೇಕಾದರೂ ಅನ್ನು. ನನ್ನ ಮಗಳು ಬೆಳೆಯಬೇಕು, ಅಷ್ಟೇ.

ನೀನು ಮಾಡಬೇಕಾದದ್ದು ಒಂದೇ. ನಿನ್ನ ಮನೆಗೆ ಹೊರದೇಶದ ಯಾವ ಚೀಟಿ ಬಂದರೂ ಸಹಿ ಹಾಕಬೇಡ, ಒಂದು ಕಾಸೂ ಕಟ್ಟಬೇಡ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕು. ರಾಗಿ ಮುದ್ದೆ ಬೇಡ ಅಂತ ಹಟ ಮಾಡಿದರೆ ಸಾರಿನಲ್ಲಿ ಕಲಸಿ ಕೊಡು, ತಿನ್ನುತ್ತಾಳೆ.

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟವಳು,
ನಿನ್ನ ಅಕ್ಕ,
ಅಮ್ಮಾಜಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ನಿನ್ನ ಯಜಮಾನರು ಬಯ್ಯಪ್ಪನವರು ಬಂದರು. ಮಗುವಿನ ಸ್ವೆಟರು ತರಲು ನೀನು ಕಳಿಸಿದೆಯಂತೆ. ಕಾಫಿ ಕುಡಿಯುತ್ತಾ ಮಾತಿಗೆ ಮಾತು ಬಂದು ಹೇಳಿದರು. ಮಂಗಳವಾರ ಗೌರಿಬಿದನೂರಿಗೆ ಗಂಗು ಹೆಸರಿಗೇ ಪಾರ್ಸೆಲ್ಲು ಬಂತಂತೆ, ಭಾವನ ಕಡೆಯವರು ಯಾರೋ ಪಾಪ ಕಳಿಸಿದ್ದಾರೆ ಅಂತ ನೀನು ಸುಂಕ ಕಟ್ಟಿ ಬಿಡಿಸಿಕೊಂಡೆಯಂತೆ. ಮಂಗಳವಾರ ಅದು ಇಲ್ಲಿಯ ಕಪಾಟಿನಲ್ಲಿತ್ತು ಶ್ಯಾಮಿ.

“ಬಿಗಿಯಾಗ್ತದೇನೋ ಅಂದ್ಕೊಂಡಿದ್ವಿ ಅತ್ತಿಗೆ. ಅಳತೆ ತಗೊಂಡು ಹೊಲ್ದಂಗೈತೆ. ನಾಲ್ಕು ದಿನದಿಂದ ಬಿಚ್ಚಕ್ಕೇ ಬಿಡ್ತಿಲ್ಲ,” ಅಂದರು.

ಹೋದ ವರ್ಷದ ಮೂರರ ಅಳತೆಯ ಫ್ರಾಕು ಯುಗಾದಿಯ ಹೊತ್ತಿಗೇ ಅವಳ ಕಂಕುಳಲ್ಲಿ ಹಿಡಿಯುತ್ತಿತ್ತು. ನಾನೇ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದೆ. ಅದೇ ಅಳತೆ ಈಗ ಅವಳಿಗೆ ಹೇಗೆ ಸರಿಯಾಗಿ ಕೂರುತ್ತದೆ?

ಈಗ ಹೊಳೆಯಿತು ಕಣೇ. ಅವರು ಕೆಟ್ಟದ್ದು ಬಯಸಿಲ್ಲ. ಈ ಸಲ ಎಡೆಯಲ್ಲಿ ಫ್ರಾಕು ಇರಲಿಲ್ಲವಲ್ಲ, ಮಗಳು ಎಷ್ಟು ಬೆಳೆದಳು ಅಂತ ಅವರಿಗೆ ಹೇಳುವವರು ಯಾರು? ಆಗಲೂ ನಾನು ಹೇಳಲಿಲ್ಲ, ಈಗಲೂ ಹೇಳಲಿಲ್ಲ. ನಾಳೆ ಅಮಾವಾಸ್ಯೆ. ನಾಲ್ಕು ವರ್ಷದ ಅಳತೆಗೆ ಬಟ್ಟೆ ಕತ್ತರಿಸಿ ಮಿಷನ್ನಿನ ಮುಂದೆ ಕೂತಿದ್ದೇನೆ. ಅತ್ತೆ ಏನೇ ಅನ್ನಲಿ, ಎಡೆಗೆ ಇಟ್ಟು, ಸಿಕ್ಕಿದ ಬಸ್ಸು ಹತ್ತುತ್ತೇನೆ. ಈ ಕಾಗದವನ್ನು ಬಯ್ಯಪ್ಪನವರ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಆ ಫ್ರಾಕು ಬಿಚ್ಚಿಸು, ಅತ್ತರೂ ಬಿಚ್ಚಿಸು.

ಇದರ ಮಡಿಕೆಯಲ್ಲಿ ಒಂದು ಎಳೆ ರೇಷ್ಮೆ ದಾರ ಇಟ್ಟಿದ್ದೇನೆ. ಹೋದ ತಿಂಗಳು ಗಂಗುನ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಗೆ ಹಿಡಿದು ಕತ್ತರಿಸಿದ್ದು. ಅವಳನ್ನು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಇಳಿಬಿಟ್ಟು ನೋಡು. ದಾರ ನೆಲಕ್ಕೆ ತಾಕಿ ಮಿಕ್ಕಿದರೆ, ಎಷ್ಟು ಮಿಕ್ಕಿತು ಅಂತ ನನಗೆ ಹೇಳಬೇಡ. ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರು.