ನಕ್ಷತ್ರ ಹಾಕಿದ ಹೆಸರು

8 ಜುಲೈ 2003, ಮಂಗಳವಾರ, ಬೆಳಿಗ್ಗೆ

ಬಾಗಿಲು ತೆಗೆದು, ಕಸ ಗುಡಿಸಿ, ಊದುಬತ್ತಿ ಹಚ್ಚಿದ್ದಾಯಿತು. ಇವರು ರಾವಂದೂರಿನ ಮನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾರೆ. ಬೈಕಿನಿಂದ ಬಿದ್ದದ್ದು. ಪಿರಿಯಾಪಟ್ಟಣದ ಅಂಗಡಿ ಈಗ ನನ್ನ ಪಾಲಿಗೆ. ಅಂಗಡಿ ಅಂದರೆ ಒಂದು ಕಂಪ್ಯೂಟರ್, ಎರಡು ಟೈಪ್‌ರೈಟರ್, ಹಿಂದೆ ನಾವಿರುವ ರೂಮು.

ಕೆಲಸ ಮೈಸೂರಿನ ಪ್ರೆಸ್ಸಿನ ಶಿವನಂಜಪ್ಪನವರದು. ಗಿಡಮೂಲಿಕೆಯ ಹಳೇ ಇಂಗ್ಲಿಷ್ ಪುಸ್ತಕ, ಪೂರ್ತಿ ಟೈಪ್ ಮಾಡಿ ಕೊಡಬೇಕು. ಆಗಸ್ಟ್ ಕೊನೆಗೆ. ಕೊಟ್ಟರೆ ನಾನು ಇಲ್ಲೇ. ಇಲ್ಲದಿದ್ದರೆ ಅಂಗಡಿಗೆ ಬೀಗ, ನಾನು ರಾವಂದೂರಿಗೆ, ಅತ್ತೆಯ ಜೊತೆ ಒಣಗಿಸುವ ಕಡ್ಡಿಗೆ ಹೊಗೆಸೊಪ್ಪು ಕಟ್ಟಲು. ಅತ್ತೆ ಬಾಯಿಬಿಟ್ಟೇ ಹೇಳಿದ್ದಾರೆ. ನನಗೆ ಹೋಗಲು ಸುತರಾಂ ಇಷ್ಟವಿಲ್ಲ.

ಟೈಪಿಂಗ್ ಸೀನಿಯರ್ ಪಾಸಾದವಳು, ಬೆರಳಿಗೆ ಭಯವಿಲ್ಲ. ಆದರೆ ಈ ಕಂಪ್ಯೂಟರೇ ಬೇರೆ ಜಾತಿ. ವಿಂಡೋಸ್‌ಗೆ ಪದೇ ಪದೇ ವೈರಸ್ ಬರುತ್ತದೆ ಅಂತ ಇವರು ಅದನ್ನು ಕಿತ್ತು, ಮ್ಯಾಗಜೀನ್ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಅನ್ನುವುದನ್ನು ಹಾಕಿದ್ದಾರೆ. ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಕಪ್ಪು ಪರದೆ. ಒಂದೇ ಪ್ರಶ್ನೆ — ನೀನು ಯಾರು?

ಇವರ ಚೀಟಿ: ‘ನನ್ನ ಹೆಸರು ಟೈಪ್ ಮಾಡಿ ಒಳಗೆ ಹೋಗು.’

ಗಂಡನ ಹೆಸರು!

ಅದೇ ದಿನ, ಸಂಜೆ

ಆಗಲಿಲ್ಲ. ಬಿ.ಎ. ಮಾಡಿದ್ದೇನೆ. ಹೆಸರೆತ್ತಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಅನ್ನುವುದನ್ನೆಲ್ಲ ನಂಬುವುದಿಲ್ಲ. ಆದರೂ ಮೊನ್ನೆ ತಾನೇ ಕಾಲು ಮುರಿದುಕೊಂಡವರು... ಬೆರಳು ಏಳಲಿಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರ ಕೈಲಿ ಹೇಳಿಸುವವಳು ನಾನು.

ಚೀಟಿಯ ಕೆಳಗೆ ಇನ್ನೊಂದು ಹೆಸರಿತ್ತು. root. ‘ತೀರಾ ಅಗತ್ಯ ಬಿದ್ದರೆ ಮಾತ್ರ.’ ಇದಕ್ಕಿಂತ ಅಗತ್ಯ ಇನ್ಯಾವುದು? ಒಳಗೆ ಹೋದೆ.

14 ಜುಲೈ, ಸೋಮವಾರ

ls ಅಂದರೆ ಏನೇನಿದೆ ತೋರಿಸು. cd ಅಂದರೆ ಆ ಫೋಲ್ಡರಿನ ಒಳಗೆ ಹೋಗು. ಸರಿಯಾಗಿ ಹೇಳಿದರೆ ತುಟಿಪಿಟಕ್ಕೆನ್ನುವುದಿಲ್ಲ, ಮಾಡಿ ಸುಮ್ಮನಾಗುತ್ತದೆ. ತಪ್ಪಿದರೆ ಮಾತ್ರ ಬೈಗುಳ. ನಮ್ಮ ಅತ್ತೆಯ ಹಾಗೇ.

ತೊಂದರೆ ಒಂದೇ. ಇವರು ಟೈಪ್ ಮಾಡಿದಷ್ಟು ಪುಸ್ತಕ ಇರುವ ಫೋಲ್ಡರಿಗೂ ಇವರದೇ ಹೆಸರು. ಮನುಷ್ಯನಿಗೆ ಬೇರೆ ಹೆಸರು ಸಿಗಲಿಲ್ಲವೆ? ಚೀಟಿಯ ಹಿಂದೆ ಉಪಾಯ ಸಿಕ್ಕಿತು: ಮೊದಲ ಅಕ್ಷರ ಹೊಡೆದು ನಕ್ಷತ್ರ ಹಾಕಿದರೆ ಉಳಿದದ್ದನ್ನು ಅದೇ ತಿಳಿದುಕೊಳ್ಳುತ್ತದೆ. cd l* — ಒಳಗೆ! ಹೆಸರು ಹೇಳದೆ ಸಂಸಾರ ನಡೆಯಿತು. ಖುಷಿಯಾಯಿತು, ಸುಳ್ಳೇಕೆ.

26 ಜುಲೈ, ಶನಿವಾರ

ರಾವಂದೂರು. ಇವರು ಜಗಲಿಯ ಮೇಲೆ, ಕಾಲು ಸ್ಟೂಲಿನ ಮೇಲೆ.

“ನನ್ನ ಹೆಸ್ರಲ್ಲೇ ಒಳಕ್ಕೋಯ್ತಿದ್ದೀಯ ತಾನೆ? ರೂಟ್ ಮುಟ್ಬ್ಯಾಡ ಕಣೆ. ಅದು ಏನೇಳಿದ್ರೂ ಮಾಡ್ಬುಡ್ತದೆ. ಯಾಕೆ ಅಂತ ಕೇಳಲ್ಲ.”

“ಹೂಂ” ಅಂದೆ.

ಅತ್ತೆ ಒಳಗಿನಿಂದಲೇ, “ಕಡ್ಡಿಗೆ ಸೊಪ್ಪು ಕಟ್ಟೋಕೆ ಆಳು ಸಾಲ್ದು ಕಣವ್ವ. ಆ ಪೆಟ್ಗೆ ಮುಂದೆ ಕುಂತು ನೀನೇನು ಕಟ್ಟೀಯೆ?” ಅಂದರು.

ಮಧ್ಯಾಹ್ನದ ಬಸ್ಸಿಗೇ ವಾಪಸ್ಸು.

12 ಆಗಸ್ಟ್, ಮಂಗಳವಾರ

ಹೋಯಿತು.

ಎದುರು ಮನೆಯ ಅನುಶ್ರೀ ಟೈಪಿಂಗ್ ಕಲಿಯಲು ಬಂದಿದ್ದಳು. ಅವಳ ಅಭ್ಯಾಸಕ್ಕೆ lesson ಅಂತ ಒಂದು ಫೋಲ್ಡರ್ ಮಾಡಿಕೊಟ್ಟೆ, ಇವರ ಫೋಲ್ಡರಿನ ಪಕ್ಕದಲ್ಲೇ. ಅವಳು ಹೋದ ಮೇಲೆ ಅಳಿಸೋಣ ಅಂತ rm -rf ಹೊಡೆದೆ. ಆಮೇಲೆ ಬೆರಳು ತಾನಾಗಿ ಹೋಯಿತು — l*. ಒಂದು ತಿಂಗಳ ಚಟ.

ಆ ಅಕ್ಷರದಿಂದ ಶುರುವಾಗುವುದೆಲ್ಲ ಹೋಯಿತು. ಅವಳ ಪಾಠ. ಇವರ ಫೋಲ್ಡರ್. ಪುಸ್ತಕ. ಕೇಳಲಿಲ್ಲ. ತುಟಿಪಿಟಕ್ಕೆನ್ನಲಿಲ್ಲ.

ಫ್ಲಾಪಿಯಲ್ಲಿ ಇವರು ಬೀಳುವ ಮುಂಚೆ ಮಾಡಿದ್ದಷ್ಟೇ ಇದೆ. ನಾನು ಮಾಡಿದ್ದು ಒಂದು ಅಕ್ಷರವೂ ಉಳಿದಿಲ್ಲ. ಶಟರ್ ಅರ್ಧ ಎಳೆದು ಅತ್ತುಬಿಟ್ಟೆ.

13 ಆಗಸ್ಟ್, ಬುಧವಾರ

ಎಸ್.ಟಿ.ಡಿ. ಬೂತಿನಿಂದ ಇವರಿಗೆ ಎಲ್ಲ ಹೇಳಿದೆ. ರೂಟ್, ನಕ್ಷತ್ರ, ಯಾಕೆ ಅಂತ.

“ನಂಗೊಂದು ಮಾತು ಯೋಳ್ಬಾರ್ದಾಗಿತ್ತಾ ಸುನಂದ? ನಿನ್ನ ಹೆಸ್ರಲ್ಲೇ ಒಂದು ಮಾಡ್ಕೊಡ್ತಿದ್ದೆ. ರೂಟ್ ಆಗಿರ್ದಿದ್ರೆ ಅದು ನನ್ನ ಫೋಲ್ಡರ್ ಅಳ್ಸೋಕೆ ಬುಡ್ತಿರಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಫೋನಿನಲ್ಲೇ ಹೇಳಿಕೊಟ್ಟರು, ಬರೆದುಕೊಂಡು ಬಂದು ಮಾಡಿದೆ. adduser sunanda.

ಶಿವನಂಜಪ್ಪನವರು ಸೆಪ್ಟೆಂಬರ್ ಹದಿನೈದರವರೆಗೆ ಕಾಯುತ್ತಾರಂತೆ. ಅದರ ಮೇಲೆ ಒಂದು ದಿನವೂ ಇಲ್ಲ. ನನ್ನ ಪಾಲಿನದನ್ನು ಮೊದಲಿನಿಂದ ಮಾಡಲು ಕೂತೆ.

24 ಆಗಸ್ಟ್, ಭಾನುವಾರ

ರಾವಂದೂರಿನಲ್ಲಿ ನನಗೆ ಹೆಸರು ಬಂದಿದೆ. ಇವರ ಬಾಯಿಂದ ಕೇಳಿ ಅತ್ತೆ ಓಣಿಗೆಲ್ಲ ಸಾರಿದ್ದಾರೆ: ಕೆಲಸ ಹಾಳಾದರೂ ಆಗಲಿ, ನಮ್ಮ ಸೊಸೆ ಗಂಡನ ಹೆಸರು ಮಾತ್ರ ಎತ್ತಲಿಲ್ಲ. ಪಕ್ಕದ ಮನೆಯ ವಿಮಲಮ್ಮ ಬಾವಿಕಟ್ಟೆಯಲ್ಲಿ ನನ್ನನ್ನು ತೋರಿಸಿ ತಮ್ಮ ಸೊಸೆಗೆ ಬುದ್ಧಿ ಹೇಳಿದರು. ಮೈ ಉರಿಯಿತು.

ಇವರು ನೆಲ ನೋಡುತ್ತಾ ಕೂತಿದ್ದರು. ತಾಯಿಯ ಎದುರು ಇವರ ಬಾಯಿಗೂ ಪ್ಲಾಸ್ಟರ್.

3 ಸೆಪ್ಟೆಂಬರ್, ಬುಧವಾರ

ಅತ್ತೆ ಅಂಗಡಿಗೇ ಬಂದರು. ಚೀಲದಲ್ಲಿ ಅವರೆಕಾಳು, ನನಗೊಂದು ಹೊಸ ಸೀರೆ. ಟೈಪ್‌ರೈಟರ್ ಪಕ್ಕದ ಬೆಂಚಿನ ಮೇಲೆ ಕೂತರು.

“ಗಂಟುಮೂಟೆ ಕಟ್ಟವ್ವ, ಸಂಜೆ ಬಸ್ಗೆ ಹೋಗಾಣ. ನಿನ್ನಂತ ಹೆಣ್ಣು ಬಸ್ಟ್ಯಾಂಡ್ ರೋಡಲ್ಲಿ ಕೂರೋದಲ್ಲ. ಗಂಡನ ಹೆಸ್ರು ಬಾಯಲ್ ಬರ್ದಂಗೆ ನಡ್ಕೊಂಡೋಳು ನೀನು. ಮನೇಲಿರ್ಬೇಕಾದೋಳು.”

ಪುಸ್ತಕ ಇನ್ನೂ ಕಾಲು ಭಾಗ ಬಾಕಿ. ಅತ್ತೆಯ ಮುಖದಲ್ಲಿ ಸಿಟ್ಟಿಲ್ಲ, ನಿಜವಾದ ಪ್ರೀತಿ. ಅದೇ ಕಷ್ಟ. ಸಿಟ್ಟಾದರೆ ಎದುರು ಮಾತಾಡಬಹುದು.

ಟೈಪ್ ಮಾಡುವುದು ನಿಲ್ಲಿಸಿದೆ. ಅವರ ಕಡೆ ತಿರುಗಿದೆ.

“ಲಿಂಗರಾಜು ನನ್ನ ಇಲ್ಲೇ ಇರು ಅಂದವ್ರೆ ಅತ್ತೆ. ಲಿಂಗರಾಜುನ ಕೇಳ್ಕಳಿ.”

ಎರಡು ಸಲ. ಮೊದಲನೆಯ ಸಲ ನಾಲಿಗೆ ತೊದಲಿತು, ಎರಡನೆಯದು ಸಲೀಸು. ಇವರು ಹಾಗೆ ಅಂದೇ ಇಲ್ಲ, ಅದು ಬೇರೆ ಮಾತು.

ಅತ್ತೆ ನನ್ನನ್ನೇ ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು, ಹೆಸರು ಅಂದದ್ದು ಅವರೇ ಏನೋ ಅನ್ನುವ ಹಾಗೆ. ಸೀರೆಯನ್ನು ಚೀಲಕ್ಕೆ ವಾಪಸ್ಸು ಹಾಕಿದರು. ಅವರೆಕಾಳು ಬೆಂಚಿನ ಮೇಲೇ ಬಿಟ್ಟರು.

“ಬಸ್ಗೆ ಹೊತ್ತಾಯ್ತು” ಅಂದರು. ಒಬ್ಬರೇ ಹೋದರು.

ಇವರಿಗೆ ಫೋನ್ ಮಾಡಬೇಕು, ಅತ್ತೆ ತಲುಪುವ ಮುಂಚೆ. ಏನಂತ ಮಾಡಲಿ, ನೀವು ಇರು ಅಂದಿದ್ದೀರಿ ಅಂತ ಹೇಳಿದ್ದೇನೆ, ನೀವೂ ಅದನ್ನೇ ಹೇಳಿ ಅಂತಲೇ? ಹೇಳುತ್ತಾರೋ ಇಲ್ಲವೋ, ಬೂತಿಗೆ ಹೊರಟೆ.