ಸಂಜೆಯ ಕಡ್ಡಿ

ಮೇ 7, ಬುಧವಾರ

ಮುತ್ತಿನಕೊಪ್ಪದಿಂದ ತಂಗಿ ಮಲ್ಲಿಕಾ ಮತ್ತೆ ಫೋನ್ ಮಾಡಿದ್ದಳು. "ನನ್ನ ಮದುವೆಗೂ ಬರಲ್ವೇನೆ ಅಕ್ಕ? ಆ ಕಡ್ಡಿ ಒಂದಿನ ಬಿಟ್ಟರೆ ಎಂತ ಆಗ್ತದೆ?"

ಹೇಳೋದು ಸುಲಭ. ನನ್ನ ಮಗಳು ಪುಟ್ಟಿಗೆ ಹುಟ್ಟುವಾಗ ಮಲದ ದಾರಿಯೇ ಇರಲಿಲ್ಲ. ಆಪರೇಷನ್ ಮಾಡುವಾಗ ಸ್ಕ್ಯಾನಿಂಗ್ ಪರದೆ ನೋಡಿಕೊಂಡೇ ಸರಿಯಾದ ಜಾಗದಲ್ಲಿ ದಾರಿ ಮಾಡಿದರು. ಅದು ಮುಚ್ಚಿಕೊಳ್ಳದ ಹಾಗೆ ದಿನಾ ಎರಡು ಸಲ ಅದರೊಳಗೆ ಸ್ಟೀಲ್ ಕಡ್ಡಿ ಹಾಕಿ ತೆಗೆಯುವುದು ನನ್ನ ಪಾಲಿಗೆ ಬಂತು. ಡಾಕ್ಟರಿಗೆ ಪರದೆ ಕಾಣುತ್ತಿತ್ತು. ನನಗೆ ಅವಳ ಮುಖ ಕಾಣುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಅವಳನ್ನು ಎಲ್ಲಿ ಮಲಗಿಸಿ ಹಿಡಿಯಲಿ?

ಇವತ್ತು ಬಿಟ್ಟೇ ನೋಡೋಣ ಅಂತ ಸಂಜೆ ಕಡ್ಡಿಗೆ ಹಚ್ಚುವ ಜೆಲ್ ಟ್ಯೂಬನ್ನು ಕಪಾಟಿನೊಳಗೆ ಎತ್ತಿಡಲು ಹೋದೆ. ಅದನ್ನು ಕಂಡಿದ್ದೇ ಪುಟ್ಟಿ ಆಟ ಬಿಟ್ಟು ಬಂದು, ಚಾಪೆ ಮೇಲೆ ತಾನೇ ಮಲಗಿ, ಎರಡೂ ಕಾಲು ಎತ್ತಿ ಹಿಡಿದುಕೊಂಡಳು. ಒಂದೂವರೆ ವರ್ಷ ಅವಳಿಗೆ. ಅಳಲಿಲ್ಲ. ಅತ್ತಿದ್ದರೆ ಇವತ್ತೊಂದಿನ ಕಡ್ಡಿ ಬಿಡುತ್ತಿದ್ದೆನೇನೋ.