ಪಕ್ಕದಲ್ಲಿ ಕೂತವರ ಜವಾಬ್ದಾರಿ

ಸತ್ಯನಾರಾಯಣಪೇಟೆ, ಬಳ್ಳಾರಿ
೧೧-೨-೧೯೫೧

ಪ್ರೀತಿಯ ಅಕ್ಕ ಸಾವಂತ್ರಮ್ಮನಿಗೆ ತಂಗಿ ಹಂಪಮ್ಮನ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ನಾನು ಕಾರು ಕಲಿಯುವ ಸುದ್ದಿ ಸಿರಿಗೇರಿಗೂ ಮುಟ್ಟಿದೆಯಂತೆ. ಹತ್ತಿ ದಲಾಲಿಯ ಹೆಂಡತಿಗೆ ದೊರೆಸಾನಿಯ ಷೋಕಿ ಬಂದಿದೆ ಎಂದು ನಿಮ್ಮ ಓಣಿಯವರು ನಗುತ್ತಾರೆಂದು ಬರೆದಿದ್ದೀಯ. ನಗಲಿ ಬಿಡು. ಷೋಕಿಯಾಗಿದ್ದರೆ ಸ್ಟೀರಿಂಗ್ ಹಿಡಿದಾಗಲೆಲ್ಲ ನನ್ನ ಅಂಗೈ ಹೀಗೆ ಬೆವರುತ್ತಿರಲಿಲ್ಲ.

ಕಲಿಯುವವರಿಗೆ ಸರ್ಕಾರ ಒಂದು ಲೈಸೆನ್ಸ್ ಚೀಟಿ ಕೊಡುತ್ತದೆ. ಕಾರಿನ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದ ಇಂಗ್ಲಿಷ್ ‘ಎಲ್’ ಇರಬೇಕು. ಪೂರಾ ಲೈಸೆನ್ಸ್ ಇದ್ದವರು ಪಕ್ಕದಲ್ಲೇ ಕೂತು, ನಾವು ತಪ್ಪಿದರೆ ಗಾಡಿ ನಿಲ್ಲಿಸಬೇಕು. ನನ್ನ ಪಕ್ಕ ನಮ್ಮ ಮನೆಯವರೇ ಕೂರುತ್ತಾರೆ, ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಕಂಟೋನ್ಮೆಂಟಿನ ಖಾಲಿ ರಸ್ತೆಯಲ್ಲಿ ಅಷ್ಟು ಧೈರ್ಯ ಸಾಕಾಗಿತ್ತು.

ಮೊನ್ನೆ ಇವರ ಜೊತೆ ಹತ್ತಿ ನೋಡಲು ಹೊರಟಾಗ ಕುರುಗೋಡಿನ ಹತ್ತಿರ ತಲೆಯ ಮೇಲೆ ಹತ್ತಿಯ ಗಂಟು ಹೊತ್ತ ಮುದುಕಿಯೊಬ್ಬಳು ಅಡ್ಡ ಬಂದಳು. ನನ್ನ ಕಾಲಿಗೆ ಬ್ರೇಕು ಸಿಗಲಿಲ್ಲ. ಇವರು ಎಳೆಯುತ್ತಾರೆಂದು ನಂಬಿದೆ. ಇವರು ಎಳೆಯಲಿಲ್ಲ, ಆರಾಮಾಗಿ ಮುಂದೆ ನೋಡುತ್ತ ಕೂತಿದ್ದರು. ಕಿರುಚಿಕೊಂಡು ಕಾರನ್ನು ಹೊಲಕ್ಕೆ ಇಳಿಸಿದೆ. ಮುದುಕಿಯ ಸೆರಗು ಮಡ್‌ಗಾರ್ಡನ್ನು ಸವರಿತು, ಅಷ್ಟೇ. ‘ಕಣ್ಣು ಕಾಣಂಗಿಲ್ಲೇನು ನಿಮಗ’ ಎಂದು ಬೈದಳು. ಇವರು ನನ್ನ ಕಡೆ ತಿರುಗಿ, ‘ಏನಾತು? ಯಾರು ಬೈಯಾಕ ಹತ್ಯಾರ?’ ಎಂದು ಕೇಳಿದರು.

ಅವತ್ತೇ ಸಿರುಗುಪ್ಪದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ‘ದೊಡ್ಡಬಸಪ್ಪನೋರ, ನಿಮ್ಮ ಎಲ್ಲು ಯಾಕ್ರಿ ತಲಿಕೆಳಗ ನಿಂತೈತಿ?’ ಎಂದು ಇವರನ್ನು ಕೇಳಿ ನಕ್ಕ. ಇವರ ಮುಖ ಬಿಳಿಚಿತು. ‘ನಾನ ಕಟ್ಟೀನ್ರಿ, ನನಗ ಇಂಗ್ಲಿಷ್ ಎಲ್ಲಿ ಬರಬೇಕು’ ಎಂದೆ. ಅವನು ಬಿಟ್ಟು ಕಳಿಸಿದ.

ಗುರುವಾರ ನನ್ನ ಪರೀಕ್ಷೆ. ಪಾಸಾದರೆ ಪಕ್ಕದಲ್ಲಿ ಯಾರೂ ಕೂರಬೇಕಿಲ್ಲವಂತೆ. ಅಲ್ಲಿಯವರೆಗೆ ದಿನಾ ಇದೇ ರಸ್ತೆ, ರಸ್ತೆಯ ತುಂಬ ಹತ್ತಿ ಬಿಡಿಸುವ ಹೆಂಗಸರು. ನನ್ನ ಕೈಯಿಂದ ಯಾರಾದರೂ ಸಾಯುತ್ತಾರೇನೋ ಎಂದು ಹೆದರಿಕೆ ಅಕ್ಕ. ಸುಂಕಲಮ್ಮನಿಗೆ ನನ್ನ ಹೆಸರಲ್ಲಿ ಒಂದು ಕಾಯಿ ಒಡೆಸು.

ನಿನ್ನ ತಂಗಿ,
ಹಂಪಮ್ಮ

ಬರೆಯಬಾರದೆಂದಿದ್ದೆ, ಬರೆಯುತ್ತಿದ್ದೇನೆ: ಆ ಹಲಗೆ ಕಟ್ಟಿದವಳು ನಾನಲ್ಲ. ಹದಿನೈದು ವರ್ಷ ಕಾರು ಓಡಿಸಿದ ಇವರೇ ಕಟ್ಟಿದ್ದು. ಇವರಿಗೆ ಕಣ್ಣು ಕಾಣುತ್ತಿಲ್ಲ. ನನಗೆ ಹಟ ಹಿಡಿದು ಕಾರು ಕಲಿಸಿದ್ದು ಅದಕ್ಕೇ. ಡ್ರೈವರನನ್ನು ಇಟ್ಟರೆ ಊರಿಗೆಲ್ಲ ತಿಳಿಯುತ್ತದೆ, ಕಣ್ಣಿಲ್ಲದ ದಲಾಲಿಗೆ ಹತ್ತಿ ಯಾರು ತೋರಿಸುತ್ತಾರೆ? ನನಗೆ ಗೊತ್ತಾಗಿದೆ ಎಂದು ನಾನು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹಲಗೆ, ತಂತಿ ತಂದು ನನ್ನ ಮಡಿಲಲ್ಲಿಟ್ಟು, ‘ಇನ್ನ ಮ್ಯಾಲ ನೀನ ಕಟ್ಟು’ ಎಂದರು. ಎಲ್ ಹೇಗೆ ನಿಲ್ಲಬೇಕೆಂದು ನನ್ನ ಅಂಗೈ ಮೇಲೆ ಬೆರಳಿಂದ ಬರೆದು ತೋರಿಸಿದರು. ಕಾಗದ ಓದಿ ಒಲೆಗೆ ಹಾಕು.